ಲೀ ಯಾಕೆ ಆ ಬಯಲು ದಾಟಿಸಿದ? ಅಮೆರಿಕದ ಅಂತರ್ಯುದ್ಧದ ನೆಲದಲ್ಲಿ ಒಂದು ಸುತ್ತು

ಬುಧವಾರ: ಶಾರ್ಪ್ಸ್‌ಬರ್ಗ್

ಅಕ್ಕನ ಮನೆ ಇರುವುದು ಮೇರಿಲ್ಯಾಂಡಿನಲ್ಲಿ. ಅಮೆರಿಕದ ಅಂತರ್ಯುದ್ಧದ ಜಾಗಗಳನ್ನು ನೋಡಬೇಕು ಅನ್ನುವವರಿಗೆ ಒಳ್ಳೆಯ ಠಿಕಾಣಿ. ಉತ್ತರದವರ ರಾಜಧಾನಿ ವಾಷಿಂಗ್ಟನ್, ದಕ್ಷಿಣದವರ ರಾಜಧಾನಿ ರಿಚ್ಮಂಡ್. ನಡುವೆ ಬರೀ ನೂರು ಮೈಲಿ. 1861ರಿಂದ 1865ರವರೆಗೆ ಎರಡು ದೊಡ್ಡ ಸೈನ್ಯಗಳು ಹೆಚ್ಚಾಗಿ ಇದರ ಆಸುಪಾಸಿನಲ್ಲೇ ಹಿಂದೆ ಮುಂದೆ ಓಡಾಡಿ ಬಡಿದಾಡಿದವು. ಪಶ್ಚಿಮದಲ್ಲಿ ಮಿಸಿಸಿಪ್ಪಿ ನದಿಯುದ್ದಕ್ಕೂ ಯುದ್ಧ ನಡೆಯಿತು, ನಿಜ. ಆದರೆ ಭಾವನಿಗೆ ಸಿಕ್ಕ ರಜೆಯಲ್ಲಿ ಅಷ್ಟು ದೂರ ಹೋಗಿ ಬರುವುದಕ್ಕೆ ಆಗುವುದಿಲ್ಲ.

ಅಕ್ಕ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. "ಹೊಲ ನೋಡೋಕೆ ಇಷ್ಟು ದೂರ ಹೋಗ್ತೀರಾ, ಗದಗಿನಲ್ಲಿ ಹೊಲ ಇರಲಿಲ್ವಾ?" ಅಂತ ನಗಾಡಿ ತಾನು ಮನೆಯಲ್ಲೇ ಉಳಿದಳು. ಅವಳ ಮಾತೂ ಸುಳ್ಳಲ್ಲ. ಶಾರ್ಪ್ಸ್‌ಬರ್ಗ್ ಊರಿನ ಪಕ್ಕದ ಆಂಟಿಯೆಟಮ್ ಅಂದರೆ ಒಂದು ಹಳ್ಳ, ಜೋಳದ ಹೊಲಗಳು, ಮರದ ಬೇಲಿಗಳು, ಅಷ್ಟೇ. ಇಲ್ಲಿ 1862ರ ಸೆಪ್ಟೆಂಬರ್ 17ರ ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23 ಸಾವಿರ ಜನ.

ಇದಕ್ಕೆ ನಾಲ್ಕು ದಿನ ಮುಂಚೆ ಒಂದು ವಿಚಿತ್ರ ನಡೆಯಿತು. ಫ್ರೆಡರಿಕ್ ಊರಿನ ಹತ್ತಿರ ಉತ್ತರದ ಒಬ್ಬ ಕಾರ್ಪೊರಲ್‌ಗೆ ಹುಲ್ಲಿನಲ್ಲಿ ಬಿದ್ದಿದ್ದ ಒಂದು ಪೊಟ್ಟಣ ಸಿಕ್ಕಿತು. ಒಳಗೆ ಮೂರು ಚುಟ್ಟಾ. ಸುತ್ತಿದ ಕಾಗದ ನೋಡಿದರೆ ದಕ್ಷಿಣದ ಸೇನಾಪತಿ ರಾಬರ್ಟ್ ಲೀಯ ಗುಪ್ತ ಆದೇಶ! ಲೀ ತನ್ನ ಸೈನ್ಯವನ್ನು ಹಲವು ಪಾಲು ಮಾಡಿ ಬೇರೆ ಬೇರೆ ಕಡೆ ಕಳಿಸಿದ್ದಾನೆ ಎಂದು ಅದರಲ್ಲಿತ್ತು. ಉತ್ತರದ ಜನರಲ್ ಮೆಕ್ಲೆಲನ್‌ಗೆ ಇದಕ್ಕಿಂತ ಇನ್ನೇನು ಬೇಕಿತ್ತು? ಆದರೂ ಅವನು ನಿಧಾನ ಮಾಡಿದ. ಎದುರಾಳಿ ಹತ್ತಿರ ತನಗಿಂತ ಜಾಸ್ತಿ ಜನ ಇದ್ದಾರೆ ಅನ್ನುವುದು ಅವನಿಗೆ ಹಿಡಿದ ಗೀಳು. ವಾಸ್ತವದಲ್ಲಿ ಲೀ ಹತ್ತಿರ ಇದ್ದದ್ದು ಸುಮಾರು 40 ಸಾವಿರ. ಮೆಕ್ಲೆಲನ್ ಬಳಿ ಅದರ ಎರಡರಷ್ಟು ಹತ್ತಿರ.

1897ರಲ್ಲಿ ಕಟ್ಟಿದ ಕಲ್ಲಿನ ಗೋಪುರ ಹತ್ತಿದರೆ ಇಡೀ ಕದನ ಅರ್ಥವಾಗುತ್ತದೆ. ಮೆಕ್ಲೆಲನ್ ಬೆಳಗ್ಗೆ ಬಡಗಣ ತುದಿಯಲ್ಲಿ ಹೊಡೆದ. ಅದು ತಣ್ಣಗಾದ ಮೇಲೆ ನಡುವೆ ಹೊಡೆದ. ಆಮೇಲೆ ತೆಂಕಣ ತುದಿ. ಒಟ್ಟಿಗೆ ಹೊಡೆಯಲಿಲ್ಲ. ಹಾಗಾಗಿ ಲೀ ಪ್ರತಿ ಸಲ ಸುಮ್ಮನಿದ್ದ ಕಡೆಯಿಂದ ಜನರನ್ನು ಎತ್ತಿ ಪೆಟ್ಟು ಬೀಳುವ ಕಡೆಗೆ ಓಡಿಸಿದ. ಒಳಬದಿಯಲ್ಲಿ ನಿಂತವನಿಗೆ ದಾರಿ ಹತ್ತಿರ, ಹೊರಗಿನಿಂದ ಸುತ್ತುವರಿದವನಿಗೆ ದೂರ. ಮೆಕ್ಲೆಲನ್ ಕಾಯ್ದಿಟ್ಟ ದಳಗಳಲ್ಲಿ ಸಾವಿರಾರು ಜನ ಆ ದಿನ ಬಂದೂಕನ್ನೇ ಎತ್ತಲಿಲ್ಲ.

ಗೋಪುರದ ಕೆಳಗೇ ತಗ್ಗಿನ ರಸ್ತೆ. ವರ್ಷಾನುಗಟ್ಟಲೆ ಗಾಡಿ ಓಡಾಡಿ ನೆಲ ಸವೆದು ಕಾಲುವೆ ಥರ ಆಗಿತ್ತು. ಅದರಲ್ಲಿ ನಿಂತ ಎರಡು ಸಾವಿರ ಚಿಲ್ಲರೆ ದಕ್ಷಿಣದವರು, ದಿಬ್ಬ ಹತ್ತಿ ಬಂದವರನ್ನು ತಾಸುಗಟ್ಟಲೆ ತಡೆದರು. ಕೊನೆಗೆ ಉತ್ತರದವರು ಒಂದು ಪಕ್ಕದಿಂದ ಒಳಗೆ ನೋಡುವಷ್ಟು ಮೇಲೆ ಬಂದರು. ಅಲ್ಲಿಗೆ ಕಾಪಾಡಿದ ತಗ್ಗೇ ಗುಂಡಿಯಾಯಿತು. ಉದ್ದಕ್ಕೆ ಹಾರಿಸಿದ ಗುಂಡು ಯಾರಿಗಾದರೂ ತಾಗಲೇಬೇಕು.

ಆ ಕಡೆ ಬರ್ನ್‌ಸೈಡ್ ಸೇತುವೆ. ಮೂರು ಕಮಾನಿನ ಚಂದದ ಕಲ್ಲಿನ ಸೇತುವೆ. ಎದುರಿನ ದಿಬ್ಬದಲ್ಲಿ ಸುಮಾರು 500 ಜನ ಜಾರ್ಜಿಯಾದವರು ಕೂತು ಜನರಲ್ ಬರ್ನ್‌ಸೈಡ್‌ನ ಸಾವಿರಾರು ಜನರನ್ನು ಮೂರು ತಾಸು ನಿಲ್ಲಿಸಿದರು. ಸೇತುವೆಯ ಪಕ್ಕದ ಸಿಕಮೋರ್ ಮರ ಅಂದಿನ ಫೋಟೋದಲ್ಲಿ ಸಣ್ಣ ಗಿಡ. ಈಗ ನಮ್ಮಿಬ್ಬರ ತೋಳು ಸೇರಿದರೂ ತಬ್ಬಲು ಸಾಲುವುದಿಲ್ಲ. ಬರ್ನ್‌ಸೈಡ್ ದಾಟಿ ಸಾಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಾರ್ಪರ್ಸ್ ಫೆರಿಯಿಂದ 17 ಮೈಲಿ ನಡೆದು ಲೀಯ ಜನರಲ್ ಏ. ಪಿ. ಹಿಲ್‌ನ ಡಿವಿಷನ್ (ಸಾವಿರಾರು ಜನರ ದೊಡ್ಡ ತುಕಡಿ) ಬಂದು ಪಕ್ಕೆಗೆ ಗುದ್ದಿತು. ಲೀ ಬಚಾವ್. ಬೆನ್ನ ಹಿಂದೆ ಪೊಟೊಮ್ಯಾಕ್ ನದಿ ಇಟ್ಟುಕೊಂಡು ಇಲ್ಲಿ ಯಾಕೆ ನಿಂತ ಅನ್ನುವುದೇ ಆಶ್ಚರ್ಯ. ಅವನ ಕೈಕೆಳಗೇ ಇದ್ದ ಫಿರಂಗಿ ಅಧಿಕಾರಿ ಎಡ್ವರ್ಡ್ ಪೋರ್ಟರ್ ಅಲೆಕ್ಸಾಂಡರ್ ಮುಂದೆ ನೆನಪುಗಳನ್ನು ಬರೆಯುವಾಗ ಇದನ್ನು ಲೀಯ ದೊಡ್ಡ ಎಡವಟ್ಟು ಎಂದೇ ಕರೆದ. ಈ ಅಲೆಕ್ಸಾಂಡರ್ ದಾರಿಯುದ್ದಕ್ಕೂ ನಮಗೆ ಸಿಗುತ್ತಾನೆ. ಹೆಸರು ನೆನಪಿರಲಿ.

ಲೀ ಹಿಂದೆ ಸರಿದ ಐದನೇ ದಿನ ಲಿಂಕನ್, ಬಂಡೆದ್ದ ರಾಜ್ಯಗಳ ಗುಲಾಮರು ಹೊಸ ವರ್ಷದಿಂದ ಸ್ವತಂತ್ರರು ಎಂಬ ಘೋಷಣೆ ಹೊರಡಿಸಿದ. ಗುಲಾಮಗಿರಿ ಉಳಿಸಿಕೊಳ್ಳಲೆಂದೇ ದಕ್ಷಿಣದವರು ಒಕ್ಕೂಟ ಬಿಟ್ಟು ಹೋಗಿದ್ದು. ಇನ್ನು ಯುದ್ಧದ ಗುರಿಯೂ ನೇರವಾಗಿ ಅದೇ ಆಯಿತು.

ಗುರುವಾರ: ಗೆಟಿಸ್‌ಬರ್ಗ್

ಇಸವಿ ಪ್ರಕಾರ ಗೆಟಿಸ್‌ಬರ್ಗ್ ಆಮೇಲೆ ಬರಬೇಕು. ಆದರೆ ರಸ್ತೆ ಪ್ರಕಾರ ಇದೇ ಮೊದಲು. ಹೀಗೆ ಹಿಂದು ಮುಂದಾಗಿ ನೋಡಿದ್ದು ಒಳ್ಳೆಯದೇ ಆಯಿತು.

ಇಲ್ಲಿ ಲೈಸೆನ್ಸ್ ಇರುವ ಗೈಡುಗಳು ಸಿಗುತ್ತಾರೆ. ಅವರು ನಿಮ್ಮದೇ ಕಾರನ್ನು ಓಡಿಸುತ್ತ ವಿವರಿಸುತ್ತಾರೆ. ಭಾವ ಯಾರಿಗೂ ಕಾರಿನ ಕೀ ಕೊಟ್ಟವರಲ್ಲ. ಆ ಹಿರಿಯರ ಕೈಗೆ ಕೊಡುವಾಗ ಅವರ ಮುಖ ನೋಡಬೇಕಿತ್ತು.

ಮೊದಲ ದಿನ, 1863ರ ಜುಲೈ 1. ಪಶ್ಚಿಮದ ದಿಣ್ಣೆಗಳ ಮೇಲೆ ಬ್ಯೂಫರ್ಡ್ ಎಂಬ ಉತ್ತರದ ಅಧಿಕಾರಿ ತನ್ನ ಕುದುರೆ ಸವಾರರನ್ನು ಇಳಿಸಿ ಕಾಲಾಳುಗಳಂತೆ ನಿಲ್ಲಿಸಿದ. ಅವರ ಗಿಡ್ಡ ಬಂದೂಕುಗಳಿಗೆ ಹಿಂದಿನಿಂದ ಮದ್ದು ತುಂಬಬಹುದು. ಹಾಗಾಗಿ ಬೇಗ ಬೇಗ ಹಾರಿಸಬಹುದು. ಗೆಲ್ಲುವುದು ಅವನ ಉದ್ದೇಶ ಆಗಿರಲಿಲ್ಲ. ಊರಿನ ಹಿಂದಿರುವ ಎತ್ತರದ ಜಾಗ ತಮ್ಮವರ ಕೈಯಲ್ಲಿ ಉಳಿಯಬೇಕು, ಅದಕ್ಕೆ ಸಮಯ ಬೇಕು, ಅಷ್ಟೇ. ಸಂಜೆ ಹೊತ್ತಿಗೆ ಉತ್ತರದವರು ಊರಿನ ಬೀದಿಗಳಲ್ಲಿ ಓಡಿದರು, ಸಾವಿರಾರು ಜನ ಸೆರೆಯಾದರು. ಆದರೂ ಸೆಮೆಟ್ರಿ ಹಿಲ್ ಅವರಲ್ಲೇ ಉಳಿಯಿತು. ನನ್ನ ಲೆಕ್ಕದಲ್ಲಿ ಮೂರು ದಿನದ ಕದನವನ್ನು ಗೆದ್ದುಕೊಟ್ಟವನು ಈ ಬ್ಯೂಫರ್ಡ್.

ಉತ್ತರದವರ ಸಾಲು ಗಾಳದ ಕೊಕ್ಕೆಯ ಆಕಾರದಲ್ಲಿತ್ತು ಎಂದು ಎಲ್ಲ ನಕ್ಷೆಗಳೂ ಹೇಳುತ್ತವೆ. ಉದ್ದ ಮೂರು ಮೈಲಿ ಇರಬಹುದು. ಅದನ್ನು ಹೊರಗಿನಿಂದ ಸುತ್ತಿಕೊಂಡ ಲೀಯ ಸಾಲು ಐದು ಮೈಲಿಗೂ ಜಾಸ್ತಿ. ಜನ ನೋಡಿದರೆ ಅವನಲ್ಲೇ ಕಡಿಮೆ: ಸುಮಾರು 75 ಸಾವಿರ, ಎದುರಿಗೆ 90 ಸಾವಿರ ದಾಟಿತ್ತು. ನಿನ್ನೆ ಒಳಗಿನ ಹತ್ತಿರದ ದಾರಿ ಲೀಯದಾಗಿತ್ತು, ಇಲ್ಲಿ ಉತ್ತರದ ಹೊಸ ಸೇನಾಪತಿ ಮೀಡ್‌ನದು. ಪಾಪ, ಮೀಡ್ ಅಧಿಕಾರ ವಹಿಸಿಕೊಂಡು ಮೂರೇ ದಿನ ಆಗಿತ್ತು.

ಎರಡನೇ ದಿನದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಎಡತುದಿಯ ಲಿಟಲ್ ರೌಂಡ್ ಟಾಪ್ ಗುಡ್ಡ ಖಾಲಿ ಇರುವುದನ್ನು ವಾರೆನ್ ಎಂಬ ಎಂಜಿನಿಯರ್ ಕೊನೆ ಗಳಿಗೆಯಲ್ಲಿ ಕಂಡ. ಓಡೋಡಿ ಬಂದ ದಳಗಳು ಹತ್ತಿ ಕೂತವು. ಮೇನ್ ರಾಜ್ಯದ 20ನೇ ರೆಜಿಮೆಂಟ್ ಗುಂಡು ಮುಗಿಯುತ್ತಾ ಬಂದಾಗ ಬಯೋನೆಟ್ ಹಿಡಿದು ಕೆಳಗೆ ನುಗ್ಗಿತು. ಗುಡ್ಡದ ಕೆಳಗಿನ ಡೆವಿಲ್ಸ್ ಡೆನ್‌ನ ಬಂಡೆಗಳನ್ನು ನೋಡಿ ಭಾವ "ಥೇಟ್ ಹಂಪಿ" ಅಂದರು. ನನಗೆ ಅಲ್ಲಿ ಹೆಚ್ಚು ಹಿಡಿಸಿದ್ದು ಮಿನ್ನೆಸೋಟಾದ ಮೊದಲ ರೆಜಿಮೆಂಟಿನ ಸ್ಮಾರಕ. ಸಾಲಿನಲ್ಲಿ ಬಿರುಕು ಬಿಟ್ಟಾಗ ಐದು ನಿಮಿಷ ಸಮಯ ಸಿಕ್ಕರೆ ಸಾಕು ಎಂದು 262 ಜನರನ್ನು, ಹಲವು ರೆಜಿಮೆಂಟ್ ಸೇರಿದ ಒಂದು ಇಡೀ ಬ್ರಿಗೇಡಿನ ಮೇಲೆ ಬಿಟ್ಟರು. 215 ಜನ ಬಿದ್ದರು. ಸಮಯ ಸಿಕ್ಕಿತು.

ಮೂರನೇ ದಿನಕ್ಕೆ ಬಂದಾಗ ಗೈಡು ಕಾರು ನಿಲ್ಲಿಸಿ, ಇನ್ನು ನೀವೇ ನಡೆಯಿರಿ, ಆ ಕಡೆ ಸಿಗುತ್ತೇನೆ ಅಂದರು. ಭಾವ ಒಮ್ಮೆ ಕಾರನ್ನು, ಒಮ್ಮೆ ನನ್ನನ್ನು ನೋಡಿದರು. ಆದರೂ ಇಳಿದರು.

ವರ್ಜೀನಿಯಾ ಸ್ಮಾರಕದಿಂದ ಎದುರಿನ ಮರಗಳ ಗುಂಪಿನವರೆಗೆ ಮುಕ್ಕಾಲು ಮೈಲಿಗೆ ಸ್ವಲ್ಪ ಮೇಲೆ. ಕಣ್ಣಿಗೆ ಸಪಾಟು ಬಯಲು. ನಡೆದರೆ ಹಾಗಲ್ಲ, ನೆಲ ಏಳುತ್ತದೆ, ಇಳಿಯುತ್ತದೆ. ತಗ್ಗಿನಲ್ಲಿದ್ದಾಗ ಎದುರಿನ ದಿಬ್ಬವೇ ಕಾಣಿಸುವುದಿಲ್ಲ. ಅಂದರೆ ಅಷ್ಟು ಹೊತ್ತು ಅವರಿಗೂ ನಾವು ಕಾಣುವುದಿಲ್ಲ. ಎಮಿಟ್ಸ್‌ಬರ್ಗ್ ರಸ್ತೆ ಬಂತು. ಆಗ ಎರಡೂ ಬದಿ ಗಟ್ಟಿ ಮರದ ಬೇಲಿ ಇತ್ತು. ಹತ್ತಿ ಇಳಿಯಬೇಕು. ಅಲ್ಲಿಂದ ಮುಂದೆ ಮರೆ ಅನ್ನುವುದೇ ಇಲ್ಲ.

ಇಷ್ಟು ಹತ್ತಿರ ಬಂದವರಿಗೆ ಫಿರಂಗಿಗಳಲ್ಲಿ ಕ್ಯಾನಿಸ್ಟರ್ ಹಾಕುತ್ತಿದ್ದರು. ತಗಡಿನ ಡಬ್ಬಿಯ ತುಂಬ ಕಬ್ಬಿಣದ ಗುಂಡುಗಳು, ಫಿರಂಗಿಯ ಬಾಯಿಯಿಂದ ಹೊರಬಿದ್ದ ಕೂಡಲೇ ಹರಡಿಕೊಳ್ಳುತ್ತವೆ. ಜೊತೆಗೆ ರೈಫಲ್. ಹಳೆಯ ಬಂದೂಕು ನೂರು ಗಜ ದಾಟಿದರೆ ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಕೊಳವೆಯೊಳಗೆ ತಿರುಪು ಗೆರೆ ಇರುವ ಹೊಸ ರೈಫಲ್ ಅದರ ಎರಡು ಮೂರು ಪಟ್ಟು ದೂರ ಗುರಿ ಹಿಡಿಯುತ್ತಿತ್ತು. ಆದರೆ ಜನರಲ್‌ಗಳು ಕಲಿತದ್ದು ಹಳೆಯ ಪಾಠ: ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಡೆಯುವುದು.

ಅಂದು ಮಧ್ಯಾಹ್ನ ಸುಮಾರು 12,500 ಜನ ಹೀಗೆ ನಡೆದರು. ಅದಕ್ಕೆ ಮುಂಚೆ ದಕ್ಷಿಣದ 150ರಷ್ಟು ಫಿರಂಗಿಗಳು ಗುಡುಗಿದವು. ಅದರಲ್ಲಿ ಬಹಳಷ್ಟನ್ನು ನಡೆಸಿದವನು ನಮ್ಮ ಅಲೆಕ್ಸಾಂಡರ್, ವಯಸ್ಸು 28. ಹೊಗೆಯಲ್ಲಿ ಗುಂಡು ಎಲ್ಲಿ ಬೀಳುತ್ತಿದೆ ಎಂದು ಕಾಣಲಿಲ್ಲ. ಹೆಚ್ಚಿನವು ಸಾಲನ್ನು ದಾಟಿ ಹಿಂದೆ ಬಿದ್ದವು. ಉತ್ತರದ ಫಿರಂಗಿ ಮುಖ್ಯಸ್ಥ ಹಂಟ್, ಮುಂದೆ ಬರುವ ಕಾಲಾಳುಗಳಿಗಾಗಿ ಮದ್ದು ಉಳಿಸೋಣ ಎಂದು ಬೇಕಂತಲೇ ತನ್ನ ಫಿರಂಗಿಗಳನ್ನು ಸುಮ್ಮನಾಗಿಸಿದ. ಇತ್ತ ಅಲೆಕ್ಸಾಂಡರ್‌ನ ಮದ್ದು ಮುಗಿಯುತ್ತಾ ಬಂತು. ಬೇಗ ಬನ್ನಿ ಎಂದು, ದಾಳಿಗೆ ಹೊರಡಬೇಕಿದ್ದ ಜನರಲ್‌ಗಳಲ್ಲಿ ಒಬ್ಬನಾದ ಪಿಕೆಟ್‌ಗೆ ಚೀಟಿ ಕಳಿಸಿದ. ಈ ದಾಳಿ ಬೇಡ ಎಂದು ವಾದಿಸಿದ್ದ ಜನರಲ್ ಲಾಂಗ್‌ಸ್ಟ್ರೀಟ್‌ಗೆ ಅಪ್ಪಣೆ ಕೊಡಲು ಬಾಯಿಯೇ ಬರಲಿಲ್ಲ. ಸುಮ್ನೆ ತಲೆ ಆಡಿಸಿದ. ಒಂದು ತಾಸಿನಲ್ಲಿ ಅರ್ಧದಷ್ಟು ಜನ ಸತ್ತರು, ಗಾಯಗೊಂಡರು, ಇಲ್ಲವೇ ಸೆರೆಯಾದರು. ಓಹಾಯೋದವರು ಒಂದು ಬದಿ, ವರ್ಮಾಂಟಿನವರು ಇನ್ನೊಂದು ಬದಿ ಬಾಗಿಲಿನಂತೆ ಮಡಚಿಕೊಂಡು ಪಕ್ಕೆಗಳಿಗೆ ಹಾರಿಸಿದ್ದೇ ಹೆಚ್ಚು ಕೊಂದದ್ದು ಎಂದು ಗೈಡು ಹೇಳಿದರು.

"ಲೀ ದಡ್ಡನಲ್ಲ. ಮತ್ಯಾಕೆ?" ಅಂತ ಭಾವ ಕೇಳಿದರು.

ಪುಸ್ತಕದ ಉತ್ತರ ಇದೆ. ಜನ, ಕಾರ್ಖಾನೆ, ರೈಲು ಎಲ್ಲ ಉತ್ತರದಲ್ಲೇ ಜಾಸ್ತಿ. ಕಾಲ ಕಳೆದಷ್ಟೂ ದಕ್ಷಿಣಕ್ಕೆ ನಷ್ಟ. ಉತ್ತರದ ನೆಲದಲ್ಲೇ ಒಂದು ದೊಡ್ಡ ಗೆಲುವು ಸಿಕ್ಕರೆ ಅಲ್ಲಿನ ಜನರಿಗೆ ಯುದ್ಧ ಸಾಕಾಗುತ್ತದೆ ಎಂದು ಲೀ ನಂಬಿದ್ದ. ಸರಿ. ಆದರೆ ಅದು ದಂಡೆತ್ತಿ ಬಂದದ್ದಕ್ಕೆ ಕಾರಣವಾಯಿತು. ಈ ಬಯಲು ದಾಟಿಸಿದ್ದಕ್ಕೆ ಅಲ್ಲ.

ಶುಕ್ರವಾರ: ಫ್ರೆಡರಿಕ್ಸ್‌ಬರ್ಗ್

ದಾರಿಯಲ್ಲಿ ನೋಡುವಂಥದ್ದು ಏನೂ ಇಲ್ಲ. ವಾಷಿಂಗ್ಟನ್ ಸುತ್ತಿನ ಟ್ರಾಫಿಕ್ಕಿನಲ್ಲಿ ಅರ್ಧ ದಿನ ಹೋಯಿತು.

ಫ್ರೆಡರಿಕ್ಸ್‌ಬರ್ಗಿನಲ್ಲಿ ಕಲ್ಲಿನ ಗೋಡೆಯ ಹಿಂದೆ ನಿಂತ ಕೂಡಲೇ ನಿನ್ನೆಯ ಬಯಲು ಕಣ್ಣಿಗೆ ಬಂತು. ಅದೇ ಚಿತ್ರ, ಜಾಗ ಅದಲು ಬದಲು. ಇದು ನಡೆದದ್ದು ಗೆಟಿಸ್‌ಬರ್ಗಿಗಿಂತ ಏಳು ತಿಂಗಳು ಮೊದಲು, 1862ರ ಡಿಸೆಂಬರ್ 13ರಂದು. ಇಲ್ಲಿ ಗೋಡೆಯ ಹಿಂದೆ ಇದ್ದವರು ಲೀಯ ಜನ. ಬಯಲು ದಾಟಿದವರು ಉತ್ತರದವರು.

ಸೇತುವೆಯ ಬರ್ನ್‌ಸೈಡ್ ಅಷ್ಟರಲ್ಲಿ ಉತ್ತರದ ಸೇನಾಪತಿ ಆಗಿದ್ದ. ಅವನ ಯೋಜನೆ ಕೆಟ್ಟದ್ದೇನಲ್ಲ. ಲೀಗೆ ಗೊತ್ತಾಗುವ ಮೊದಲೇ ರಾಪಹಾನಕ್ ನದಿ ದಾಟಿ ರಿಚ್ಮಂಡಿನ ದಾರಿ ಹಿಡಿಯುವುದು. ಸೈನ್ಯ ಬೇಗ ಬಂತು, ನದಿ ದಾಟಲು ಬೇಕಾದ ತೇಲುಸೇತುವೆಯ ದೋಣಿಗಳು ಬರಲಿಲ್ಲ. ವಾರಗಟ್ಟಲೆ ಕಾದರು. ಎದುರು ದಡದ ದಿಬ್ಬಗಳಲ್ಲಿ ಲೀ ಆರಾಮಾಗಿ ಬಂದು ಕೂತ. ಅಲ್ಲಿಗೆ ಯೋಜನೆ ಸತ್ತುಹೋಯಿತು. ಆದರೂ ಬರ್ನ್‌ಸೈಡ್ ಬಿಡಲಿಲ್ಲ.

ಮೇರೀಸ್ ಹೈಟ್ಸ್ ದಿಬ್ಬದ ಬುಡದಲ್ಲಿ ತಗ್ಗಿನ ರಸ್ತೆ, ರಸ್ತೆಗೆ ಎದೆಮಟ್ಟದ ಕಲ್ಲಿನ ಗೋಡೆ. ಹಿಂದಿನ ಸಾಲುಗಳವರು ಮದ್ದು ತುಂಬಿ ಮುಂದಿನವರಿಗೆ ದಾಟಿಸುತ್ತಿದ್ದರು. ಹಾಗಾಗಿ ಬೆಂಕಿ ನಿಲ್ಲಲೇ ಇಲ್ಲ. ಮೇಲೆ ದಿಬ್ಬದಲ್ಲಿ ಫಿರಂಗಿಗಳು. ಅವುಗಳ ಜಾಗ ಗೊತ್ತುಮಾಡಿದವರಲ್ಲಿ ಅಲೆಕ್ಸಾಂಡರ್ ಒಬ್ಬ. ನಾವು ಶುರು ಮಾಡಿದರೆ ಆ ಹೊಲದಲ್ಲಿ ಒಂದು ಕೋಳಿಯೂ ಬದುಕುವುದಿಲ್ಲ ಎಂದು ಅವನು ಲಾಂಗ್‌ಸ್ಟ್ರೀಟ್‌ಗೆ ಹೇಳಿದ್ದ. ಉತ್ತರದವರು ಒಂದಾದ ಮೇಲೆ ಒಂದು ಬ್ರಿಗೇಡ್ ಕಳಿಸುತ್ತಲೇ ಇದ್ದರು. ಸಂಜೆಯವರೆಗೂ ಒಬ್ಬನೇ ಒಬ್ಬ ಗೋಡೆ ಮುಟ್ಟಲಿಲ್ಲ. ಆ ದಿನ ಉತ್ತರಕ್ಕೆ ಆದ ನಷ್ಟ, ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ, 12 ಸಾವಿರ ಮೀರಿತು. ಲೀಗೆ ಅದರ ಅರ್ಧಕ್ಕಿಂತ ಕಡಿಮೆ.

ಈಗ ಆ ಬಯಲು ಇಲ್ಲ. ಮನೆಗಳಾಗಿವೆ. ಗೋಡೆಯ ಎದುರೇ ಯಾರದೋ ಹಿತ್ತಿಲು, ಮಕ್ಕಳ ಜೋಕಾಲಿ. ದಿಬ್ಬದ ಮೇಲಿನ ಸ್ಮಶಾನದಲ್ಲಿ 15 ಸಾವಿರಕ್ಕೂ ಹೆಚ್ಚು ಉತ್ತರದ ಸೈನಿಕರು. ಹೆಚ್ಚಿನವರ ಹೆಸರೇ ಗೊತ್ತಿಲ್ಲ. ಸಣ್ಣ ಕಲ್ಲು, ಮೇಲೊಂದು ಸಂಖ್ಯೆ, ಕೆಳಗೆ ಅಲ್ಲಿ ಎಷ್ಟು ಜನರನ್ನು ಹೂಳಿದ್ದಾರೆ ಎಂಬ ಇನ್ನೊಂದು ಸಂಖ್ಯೆ.

ಗೆಟಿಸ್‌ಬರ್ಗಿನಲ್ಲಿ ಪಿಕೆಟ್‌ನ ಜನ ಬೀಳುವಾಗ ಉತ್ತರದ ಸೈನಿಕರು "ಫ್ರೆಡರಿಕ್ಸ್‌ಬರ್ಗ್! ಫ್ರೆಡರಿಕ್ಸ್‌ಬರ್ಗ್!" ಎಂದು ಕೂಗಿದ್ದರು. ಸಾಮಾನ್ಯ ಸಿಪಾಯಿಗೆ ಹೊಳೆದ ಪಾಠ ಲೀಗೆ ಹೊಳೆಯಲಿಲ್ಲವೇ? ಲೀ ಇಲ್ಲೇ ದಿಬ್ಬದ ಮೇಲೆ ನಿಂತು ಎಲ್ಲ ನೋಡಿದ್ದ. ಅವನು ನೋಡಿದ್ದು ಇನ್ನೊಂದೂ ಇದೆ. ಅದೇ ದಿನ ಈ ಸಾಲಿನ ಬಲತುದಿಯಲ್ಲಿ, ಜವುಗಿನ ಕಾಡು ಎಂದು ಯಾರೂ ಕಾಯದೆ ಬಿಟ್ಟ ಸಂದಿಯಲ್ಲಿ, ಉತ್ತರದ ಒಂದು ಡಿವಿಷನ್ ಒಳಗೆ ನುಗ್ಗಿತ್ತು. ಹಿಂದಿನಿಂದ ಬೆಂಬಲ ಬರಲಿಲ್ಲ, ಅದಕ್ಕೆ ಸೋತಿತು. ಆ ಡಿವಿಷನ್ ನಡೆಸಿದವನು ಮೀಡ್. ನುಗ್ಗುವುದು ಸಾಧ್ಯ, ಬೆಂಬಲ ಸರಿಯಿದ್ದರೆ ಗೆಲ್ಲಬಹುದು ಎಂಬ ಪಾಠವನ್ನೂ ಇದೇ ಕದನದಿಂದ ತೆಗೆಯಬಹುದು. ಯಾವ ಪಾಠ ತೆಗೆಯುತ್ತೇವೆ ಅನ್ನುವುದು ನಮ್ಮ ನಮ್ಮ ಸ್ವಭಾವ.

ಶನಿವಾರ: ಚಾನ್ಸಲರ್ಸ್‌ವಿಲ್, ಸ್ಪಾಟ್‌ಸಿಲ್ವೇನಿಯಾ

ಭಾವನ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಸಿಕ್ಕಿದ್ದು ಕಾಡಿನಲ್ಲಿ. ಫ್ರೆಡರಿಕ್ಸ್‌ಬರ್ಗಿನಿಂದ ಪಶ್ಚಿಮಕ್ಕೆ ಹತ್ತು ಮೈಲಿ ಹೋದರೆ ಚಾನ್ಸಲರ್ಸ್‌ವಿಲ್.

1863ರ ಮೇ ತಿಂಗಳು. ಉತ್ತರಕ್ಕೆ ಮತ್ತೊಬ್ಬ ಹೊಸ ಸೇನಾಪತಿ, ಹುಕರ್. ಬಳಿಯಲ್ಲಿ ಸುಮಾರು 1,30,000 ಜನ. ಲೀ ಬಳಿ 60 ಸಾವಿರ. ದೇವರೇ ಲೀಯ ಮೇಲೆ ಕರುಣೆ ತೋರಲಿ, ನಾನಂತೂ ತೋರುವುದಿಲ್ಲ ಅಂದಿದ್ದನಂತೆ ಹುಕರ್. ಅವನ ನಡೆ ಚೆನ್ನಾಗಿಯೇ ಇತ್ತು. ಎದುರಿಗೆ ಒಂದಿಷ್ಟು ಜನರನ್ನು ಬಿಟ್ಟು, ದೊಡ್ಡ ಪಾಲನ್ನು ನದಿಯ ಮೇಲ್ಭಾಗದಲ್ಲಿ ದಾಟಿಸಿ ಲೀಯ ಬೆನ್ನಿಗೆ ಬಂದ. ಇಂಥ ಹೊತ್ತಿನಲ್ಲಿ ಯಾರಾದರೂ ಹಿಂದೆ ಸರಿಯುತ್ತಾರೆ.

ಲೀ ತನ್ನ ಸಣ್ಣ ಸೈನ್ಯವನ್ನು ಒಡೆದ. ಹತ್ತು ಸಾವಿರದಷ್ಟು ಜನ ಫ್ರೆಡರಿಕ್ಸ್‌ಬರ್ಗ್ ಕಾಯಲಿ. ಉಳಿದವರೊಂದಿಗೆ ಬಂದು ಹುಕರ್‌ನನ್ನು ಕಾಡಿನಲ್ಲೇ ತಡೆದ. ಮೇ 2ರಂದು ಮತ್ತೊಮ್ಮೆ ಒಡೆದ. ಅವನ ಜನರಲ್ ಸ್ಟೋನ್‌ವಾಲ್ ಜಾಕ್ಸನ್ ಸುಮಾರು 28 ಸಾವಿರ ಜನರನ್ನು ಕರೆದುಕೊಂಡು ಶತ್ರುವಿನ ಮುಂದೆಯೇ ಅಡ್ಡಹಾದು 12 ಮೈಲಿ ಸುತ್ತಿದ. ಲೀ ಹತ್ತಿರ ಉಳಿದದ್ದು ಹದಿನೈದು ಸಾವಿರವೂ ಇಲ್ಲ. ಹುಕರ್ ಆವತ್ತು ಮುಂದಕ್ಕೆ ಒಂದು ಹೆಜ್ಜೆ ಇಟ್ಟಿದ್ದರೂ ಕಥೆ ಬೇರೆ. ಜಾಕ್ಸನ್‌ನ ಸಾಲು ಹೋಗುವುದನ್ನು ಉತ್ತರದವರು ಹೇಜಲ್ ಗ್ರೋವ್ ದಿಬ್ಬದಿಂದ ಕಣ್ಣಾರೆ ಕಂಡರು. ಓಡಿಹೋಗುತ್ತಿದ್ದಾರೆ ಎಂದುಕೊಂಡರು!

ಆ ಕಾಡುದಾರಿ ಇನ್ನೂ ಇದೆ. ಜಲ್ಲಿ ಹಾಕಿದ ಸಣ್ಣ ರಸ್ತೆ, ನಿಧಾನ ಕಾರು ಓಡಿಸಬಹುದು. ಎರಡೂ ಬದಿ ಒತ್ತಾದ ಮರ. ಸಂಜೆ ಐದೂಕಾಲರ ಸುಮಾರಿಗೆ ಉತ್ತರದ ಬಲತುದಿಯವರು ಅಡುಗೆಯಲ್ಲಿದ್ದಾಗ ಕಾಡಿನಿಂದ ಜಿಂಕೆ, ಮೊಲಗಳು ಓಡಿಬಂದವು. ಹಿಂದೆಯೇ ಜಾಕ್ಸನ್. ಆ ತುದಿ ಕುಸಿದುಹೋಯಿತು. ರಾತ್ರಿ ಕತ್ತಲಲ್ಲಿ ಜಾಕ್ಸನ್‌ಗೆ ತನ್ನವರದೇ ಗುಂಡು ತಾಗಿತು. ಎಡಗೈ ಕತ್ತರಿಸಿದರು, ಎಂಟು ದಿನಕ್ಕೆ ಸತ್ತ. ಆ ಕೈಗೆ ಎಲ್ವುಡ್ ಎಂಬ ಮನೆಯ ಹೊಲದಲ್ಲಿ ಬೇರೆಯೇ ಸಮಾಧಿ ಇದೆ. ಭಾವ ಫೋಟೋ ತೆಗೆದು ಅಕ್ಕನಿಗೆ ಕಳಿಸಿದರು. ಅಕ್ಕ ಒಂದೇ ಪದದಲ್ಲಿ ಉತ್ತರಿಸಿದಳು: "ಥೂ".

ಮಾರನೇ ದಿನ ಹುಕರ್ ತಾನಾಗಿ ಬಿಟ್ಟುಕೊಟ್ಟ ಹೇಜಲ್ ಗ್ರೋವ್ ಮೇಲೆ ಫಿರಂಗಿ ಏರಿಸಿದವನು, ಹೌದು, ಅಲೆಕ್ಸಾಂಡರ್. ಲೀ ಗೆದ್ದ. ಆದರೆ ನಷ್ಟ ನೋಡಿ. ಉತ್ತರಕ್ಕೆ 17 ಸಾವಿರ, ಲೀಗೆ 13 ಸಾವಿರ. 60 ಸಾವಿರದಲ್ಲಿ 13 ಅಂದರೆ ಐದರಲ್ಲಿ ಒಬ್ಬನಿಗಿಂತ ಜಾಸ್ತಿ. ಹುಕರ್‌ನ ಕಡೆ ಹೊಸ ಜನ ಬರುತ್ತಾರೆ. ಇವನ ಕಡೆ ಎಲ್ಲಿಂದ ಬರಬೇಕು?

ಇದಾದ ಎರಡೇ ತಿಂಗಳಿಗೆ ಗೆಟಿಸ್‌ಬರ್ಗ್. ನನ್ನ ಸೈನಿಕರು ಏನು ಬೇಕಾದರೂ ಮಾಡುತ್ತಾರೆ ಎಂಬ ನಂಬಿಕೆಯನ್ನು ಲೀ ಈ ಕಾಡಿನಿಂದ ಎತ್ತಿಕೊಂಡು ಹೋದ. ಅಲ್ಲಿ ಮರಗಳ ಮರೆ ಇರಲಿಲ್ಲ, ಜಾಕ್ಸನ್ ಇರಲಿಲ್ಲ, ಎದುರಿಗೆ ಹುಕರ್ ಕೂಡ ಇರಲಿಲ್ಲ. ಭಾವ ಇದನ್ನು ಕೇಳಿ, "ಅಂದ್ರೆ ಹಿಂದಿನ ಪರೀಕ್ಷೆಯ ಉತ್ತರ ಬರೆದ" ಅಂದರು.

ಮಧ್ಯಾಹ್ನ ವೈಲ್ಡರ್‌ನೆಸ್ ದಾಟಿದೆವು. ಇದೇ ಕಾಡಿನ ಮುಂದುವರಿಕೆ. 1864ರ ಮೇ ತಿಂಗಳಲ್ಲಿ ಉತ್ತರದ ಹೊಸ ಸೇನಾಪತಿ ಗ್ರಾಂಟ್ ಮತ್ತು ಲೀ ಯುದ್ಧದಲ್ಲಿ ಮೊದಲ ಸಲ ಎದುರಾದದ್ದು ಇಲ್ಲಿ. ಎರಡು ದಿನದಲ್ಲಿ ಉತ್ತರಕ್ಕೆ ಸುಮಾರು 18 ಸಾವಿರ ನಷ್ಟ. ತರಗೆಲೆಗೆ ಬೆಂಕಿ ಹತ್ತಿ ಗಾಯಾಳುಗಳು ಅಲ್ಲೇ ಸುಟ್ಟುಹೋದರು. ಹಿಂದಿನ ಸೇನಾಪತಿಗಳೆಲ್ಲ ಇಷ್ಟು ಪೆಟ್ಟು ತಿಂದರೆ ವಾಪಸ್ ನದಿ ದಾಟುತ್ತಿದ್ದರು. ಗ್ರಾಂಟ್ ಬ್ರಾಕ್ ರಸ್ತೆಯ ಕೂಡಿನಲ್ಲಿ ದಕ್ಷಿಣಕ್ಕೆ ತಿರುಗಿದ. ಸುಸ್ತಾದ ಸೈನಿಕರು ಕತ್ತಲಲ್ಲೇ ಕೇಕೆ ಹಾಕಿದರಂತೆ. ಇವತ್ತು ಅದು ಸಿಗ್ನಲ್ ಇರುವ ಸಾದಾ ಕೂಡುರಸ್ತೆ. ಯುದ್ಧದ ದಿಕ್ಕು ಬದಲಾದ ಜಾಗ ಯಾವುದು ಎಂದು ಕೇಳಿದರೆ ನಾನು ಗೆಟಿಸ್‌ಬರ್ಗ್ ಅನ್ನುವುದಿಲ್ಲ, ಈ ಕೂಡು ಅನ್ನುತ್ತೇನೆ.

ಸ್ಪಾಟ್‌ಸಿಲ್ವೇನಿಯಾದಲ್ಲಿ ಯುದ್ಧದ ಮುಖವೇ ಬೇರೆ. ಸೈನಿಕರು ನಿಂತಲ್ಲಿ ಅಗೆಯಲು ಶುರು ಮಾಡಿದ್ದರು. ಹೇಳುವವರೇ ಬೇಕಿರಲಿಲ್ಲ. ಮೊದಲು ಗುಂಡಿ, ಮುಂದೆ ಮಣ್ಣಿನ ದಿಂಡು, ಮೇಲೆ ಅಡ್ಡ ದಿಮ್ಮಿ, ಅದರ ಕೆಳಗಿನ ಸಂದಿಯಲ್ಲಿ ಬಂದೂಕು. ಎದುರಿಗೆ ಕಡಿದ ಕೊಂಬೆಗಳನ್ನು ಚೂಪು ಮಾಡಿ ಹರಡುವುದು. ಹುಲ್ಲಿನಡಿ ಆ ದಿಂಡುಗಳು ಇನ್ನೂ ಉಬ್ಬಿಕೊಂಡಿವೆ.

ಇದನ್ನು ಒಡೆಯುವುದು ಹೇಗೆ ಎಂದು ಮೊದಲು ತಲೆ ಓಡಿಸಿದವನು ಎಮರಿ ಅಪ್ಟನ್, 24 ವರ್ಷದ ಕರ್ನಲ್. ಉದ್ದ ಸಾಲು ಬೇಡ ಅಂದ. 12 ರೆಜಿಮೆಂಟುಗಳನ್ನು ಒಂದರ ಹಿಂದೆ ಒಂದು ನಾಲ್ಕು ಸಾಲು ಮಾಡಿ ಒತ್ತಾಗಿ ನಿಲ್ಲಿಸಿದ. ದಾರಿಯಲ್ಲಿ ಯಾರೂ ನಿಂತು ಗುಂಡು ಹಾರಿಸಬಾರದು, ಓಡಿ ಮುಟ್ಟಬೇಕು. ಮುಟ್ಟಿದರು, ಒಳಗೂ ನುಗ್ಗಿದರು. ಬೆಂಬಲಕ್ಕೆ ಬರಬೇಕಾದ ಡಿವಿಷನ್ ಬರಲಿಲ್ಲ. ಎರಡು ದಿನ ಬಿಟ್ಟು ಗ್ರಾಂಟ್ ಇದನ್ನೇ ಸುಮಾರು 20 ಸಾವಿರ ಜನರೊಂದಿಗೆ ಮಾಡಿಸಿದ. ಮಳೆಯಲ್ಲಿ ಇಪ್ಪತ್ತು ತಾಸು ಮಣ್ಣಿನ ದಿಂಡಿನ ಆ ಬದಿ ಈ ಬದಿ ನಿಂತು ಹೊಡೆದಾಡಿದರು. ಗುಂಡಿನ ಏಟಿಗೇ ಕಡಿದುಬಿದ್ದ ಒಂದು ಓಕ್ ಮರದ ಬುಡ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ದಪ್ಪ 22 ಇಂಚು.

ಭಾನುವಾರ: ಸಿಟಿ ಪಾಯಿಂಟ್, ಪೀಟರ್ಸ್‌ಬರ್ಗ್

ಎಲ್ಲರೂ ಮೊದಲು ಪೀಟರ್ಸ್‌ಬರ್ಗಿನ ಕಂದಕಕ್ಕೆ ಹೋಗುತ್ತಾರೆ. ನಾವು ಸಿಟಿ ಪಾಯಿಂಟ್‌ಗೆ ಹೋದೆವು. ಈಗ ಅದು ಹೋಪ್‌ವೆಲ್ ಊರಿನ ಭಾಗ. ಜೇಮ್ಸ್ ನದಿಗೆ ಇನ್ನೊಂದು ನದಿ ಸೇರುವ ಮೂಲೆ. ಗ್ರಾಂಟ್ ಉಳಿದುಕೊಂಡ ಮರದ ಗುಡಿಸಲು ಇದೆ. ನೋಡಲು ಏನೂ ಇಲ್ಲ, ಆದರೆ ಅವನು ಗೆದ್ದದ್ದು ಇಲ್ಲಿಂದ. ಹಡಗು ನೇರ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಕಂದಕದವರೆಗೆ ಹೊಸ ರೈಲು ಹಳಿ. ಇಲ್ಲಿನ ಬೇಕರಿಯಲ್ಲಿ ದಿನಕ್ಕೆ ಒಂದು ಲಕ್ಷ ಬ್ರೆಡ್ ಸುಡುತ್ತಿದ್ದರು. ಬಿಸಿ ಆರುವ ಮೊದಲೇ ಮುಂದಿನ ಸಾಲಿನವನ ಕೈಗೆ ಬ್ರೆಡ್ ಸೇರುತ್ತಿತ್ತಂತೆ. ಅದೇ ಹೊತ್ತಿಗೆ ಲೀಯ ಸೈನಿಕರು ಮುಷ್ಟಿ ಜೋಳದ ಹಿಟ್ಟಿನಲ್ಲಿ ದಿನ ತಳ್ಳುತ್ತಿದ್ದರು.

ಗ್ರಾಂಟ್ ಯೋಚಿಸಿದ್ದು ಒಂದು ಕದನದ ಲೆಕ್ಕದಲ್ಲಿ ಅಲ್ಲ. ಎಲ್ಲ ಕಡೆ ಒಟ್ಟಿಗೆ ಒತ್ತಬೇಕು, ಆಗ ಆಂಟಿಯೆಟಮ್‌ನಂತೆ ಅಲ್ಲಿಂದಿಲ್ಲಿಗೆ ಜನ ಎತ್ತಿ ಕಳಿಸಲು ಆಗುವುದಿಲ್ಲ. ತನ್ನ ಜನರಲ್‌ಗಳಲ್ಲಿ ಶರ್ಮನ್ ಅಟ್ಲಾಂಟಾ ಕಡೆ, ಶೆರಿಡನ್ ಶೆನಂಡೋವಾ ಕಣಿವೆಯಲ್ಲಿ, ತಾನು ಲೀಯ ಕತ್ತಿನ ಮೇಲೆ. ಲಿಂಕನ್ ಇದನ್ನು ತನ್ನದೇ ಭಾಷೆಯಲ್ಲಿ ಹೇಳಿದ್ದ: ಚರ್ಮ ಸುಲಿಯಲು ಬಾರದವನು ಕಾಲಾದರೂ ಹಿಡಿದುಕೊಳ್ಳಲಿ. ಇದೆಲ್ಲದರ ಹಿಂದೆ ಸಮುದ್ರದಲ್ಲಿ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು 1861ರಿಂದಲೇ ಅಡ್ಡಗಟ್ಟಿತ್ತು.

ಈ ದಿಗ್ಬಂಧನದ ಬಿಸಿ ನಮ್ಮ ಕಡೆಗೂ ತಟ್ಟಿತ್ತು. ಅಮೆರಿಕದ ಹತ್ತಿ ಬಾರದೆ ಇಂಗ್ಲೆಂಡಿನ ಗಿರಣಿಗಳು ನಿಂತವು. ಧಾರವಾಡ ಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ನಮ್ಮಲ್ಲಿ ಆಗ ಬೆಳೆಯುತ್ತಿದ್ದ 'ಧಾರವಾಡ-ಅಮೆರಿಕನ್' ತಳಿಯ ಬೀಜವೂ ಅಮೆರಿಕದಿಂದಲೇ ಬಂದದ್ದು. 1865ರಲ್ಲಿ ಯುದ್ಧ ಮುಗಿದ ಸುದ್ದಿ ಮುಂಬಯಿ ಮುಟ್ಟಿದ್ದೇ ತಡ, ಬೆಲೆ ನೆಲ ಕಚ್ಚಿತು. ಸಟ್ಟಾ ಆಡಿದವರು ಮುಳುಗಿದರು. ಗದಗಿನವನಾಗಿ ಇದು ನನಗೆ ಗೊತ್ತಿರಬೇಕಾದ ವಿಷಯ. ಭಾವನಿಗೆ ಹೇಳಿದರೆ, "ಹಾಗಾದ್ರೆ ನಿಮ್ಮ ಮುತ್ತಜ್ಜ ಲೀ ಪಾರ್ಟಿ" ಎಂದು ಛೇಡಿಸಿದರು.

ಪೀಟರ್ಸ್‌ಬರ್ಗ್ ರಿಚ್ಮಂಡಿಗೆ ಅನ್ನ ಹೋಗುವ ರೈಲುಗಳ ಗಂಟು. ಗ್ರಾಂಟ್ ಇಲ್ಲಿ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಕೂತ. ಸುಮ್ಮನೆ ಕೂರಲಿಲ್ಲ. ಕಂದಕವನ್ನು ಪಶ್ಚಿಮಕ್ಕೆ ಬೆಳೆಸುತ್ತ ಹೋದ, ಒಂದೊಂದೇ ರೈಲು ದಾರಿ ಕತ್ತರಿಸುತ್ತ ಹೋದ. ಲೀಯೂ ಅಷ್ಟೇ ಉದ್ದ ಎಳೆಯಬೇಕು, ಇದ್ದ ಜನರನ್ನೇ ತೆಳುವಾಗಿ ಹರಡಬೇಕು. ಮುತ್ತಿಗೆಗೆ ಸಿಕ್ಕಿಬಿದ್ದರೆ ಆಮೇಲೆ ಬರೀ ದಿನಗಳ ಲೆಕ್ಕ ಎಂದು ಲೀ ಮೊದಲೇ ಹೇಳಿದ್ದ.

ಬೇಗ ಮುಗಿಸಲು ಮಾಡಿದ ಒಂದು ಪ್ರಯತ್ನದ ಗುರುತು ಇಲ್ಲಿದೆ. ಪೆನ್ಸಿಲ್ವೇನಿಯಾದ 48ನೇ ರೆಜಿಮೆಂಟಿನಲ್ಲಿ ಕಲ್ಲಿದ್ದಲು ಗಣಿಯವರು ಬಹಳ ಇದ್ದರು. ಶತ್ರುವಿನ ಕೋಟೆಯ ಕೆಳಗೆ ಸುರಂಗ ಕೊರೆಯುತ್ತೇವೆ ಅಂದರು. ಸೇನೆಯ ಎಂಜಿನಿಯರುಗಳು ನಕ್ಕರು, ಇಷ್ಟುದ್ದ ಸುರಂಗದಲ್ಲಿ ಗಾಳಿ ಎಲ್ಲಿಂದ? ಗಣಿಯವರಿಗೆ ಅದು ದಿನದ ಕೆಲಸ. ಬಾಯಿಯ ಹತ್ತಿರ ಒಂದು ಚಿಮಣಿ ಕೊರೆದು ಬುಡದಲ್ಲಿ ಬೆಂಕಿ ಇಟ್ಟರು. ಬಿಸಿಗಾಳಿ ಮೇಲೆ ಹೋದಂತೆ ಮರದ ಕೊಳವೆಯಿಂದ ಹೊಸ ಗಾಳಿ ತುದಿಯವರೆಗೆ ಎಳೆದುಕೊಂಡಿತು. 511 ಅಡಿ ಸುರಂಗ, 8 ಸಾವಿರ ಪೌಂಡ್ ಮದ್ದು. ಕೆಳಗೆ ಅಗೆಯುತ್ತಿದ್ದಾರೆ ಎಂದು ಆ ಕಡೆ ಊಹಿಸಿದವನು ಮತ್ತೆ ಅಲೆಕ್ಸಾಂಡರ್. ಹೇಳಲು ಹೊರಟ ದಾರಿಯಲ್ಲೇ ಗುಂಡು ತಾಗಿ ರಜೆಯ ಮೇಲೆ ಮನೆಗೆ ಹೋದ.

1864ರ ಜುಲೈ 30ರ ನಸುಕು. ಬತ್ತಿ ನಡುವೆ ಆರಿತು. ಇಬ್ಬರು ಒಳಗೆ ತೆವಳಿ ಮತ್ತೆ ಹೊತ್ತಿಸಿ ಬಂದರು. 4:44ಕ್ಕೆ ಕೋಟೆ ಆಕಾಶಕ್ಕೆ ಹಾರಿತು. ಅಲ್ಲಿಗೆ ಬುದ್ಧಿವಂತಿಕೆ ಮುಗಿಯಿತು. ದಾಳಿಯ ಮುಂದಾಳತ್ವಕ್ಕೆ ಕಪ್ಪು ಸೈನಿಕರ ಒಂದು ಡಿವಿಷನ್ ತರಬೇತಿ ಪಡೆದಿತ್ತು. ದಾಳಿಗೆ ಹಿಂದಿನ ದಿನ, ಸೋತರೆ ಕಪ್ಪು ಜನರನ್ನು ಬಲಿ ಕೊಟ್ಟರು ಅನ್ನುತ್ತಾರೆ ಎಂದು ಮೀಡ್ ಬೇಡ ಅಂದ, ಗ್ರಾಂಟ್ ಒಪ್ಪಿದ. ಬಿಳಿಯರ ಡಿವಿಷನ್ನುಗಳಲ್ಲಿ ಯಾವುದು ಎಂದು ಬರ್ನ್‌ಸೈಡ್ ಚೀಟಿ ಎತ್ತಿಸಿದ. ಆಯ್ಕೆಯಾದವರಿಗೆ ತರಬೇತಿ ಇಲ್ಲ. ಅವರ ಜನರಲ್ ಹಿಂದಿನ ಗೂಡಿನಲ್ಲಿ ಕುಡಿಯುತ್ತ ಕೂತಿದ್ದ. ಸೈನಿಕರು ಕುಳಿಯನ್ನು ಬಳಸಿ ಹೋಗುವ ಬದಲು ಕುಳಿಯೊಳಗೇ ಇಳಿದರು. ಹತ್ತಲು ಆಗಲಿಲ್ಲ. ಕೊನೆಗೆ ಕಪ್ಪು ಸೈನಿಕರನ್ನೂ ಅದೇ ಗೊಂದಲದೊಳಗೆ ಕಳಿಸಿದರು. ಶರಣಾದ ಮೇಲೂ ಅವರಲ್ಲಿ ಹಲವರನ್ನು ದಕ್ಷಿಣದವರು ಕೊಂದರು. ಉತ್ತರಕ್ಕೆ ಸುಮಾರು 3,800 ನಷ್ಟ.

ಕುಳಿ ಈಗ ಅರ್ಧ ತುಂಬಿ ಹುಲ್ಲು ಬೆಳೆದಿದೆ. ಸುರಂಗದ ಬಾಯಿ ನೋಡಿದೆವು. ಭಾವ ಎಂಜಿನಿಯರ್. ಚಿಮಣಿಯ ಚಿತ್ರದ ಮುಂದೆ ಅರ್ಧ ತಾಸು ನಿಂತರು.

ಸೋಮವಾರ: ಆಪೊಮ್ಯಾಟಾಕ್ಸ್

1865ರ ಏಪ್ರಿಲ್ 1ರಂದು ಫೈವ್ ಫೋರ್ಕ್ಸ್ ಕೂಡಿನಲ್ಲಿ ಶೆರಿಡನ್ ದಾಳಿ ಮಾಡಿದಾಗ ಅದನ್ನು ಕಾಯಬೇಕಿದ್ದ ಪಿಕೆಟ್ ಎರಡು ಮೈಲಿ ಹಿಂದೆ ಮೀನಿನ ಊಟಕ್ಕೆ ಹೋಗಿದ್ದ. ಅದು ಬಿದ್ದ ಮೇಲೆ ಕೊನೆಯ ರೈಲು ದಾರಿಯೂ ಹೋಯಿತು. ಲೀ ಪೀಟರ್ಸ್‌ಬರ್ಗ್ ಬಿಟ್ಟು ಪಶ್ಚಿಮಕ್ಕೆ ಓಡಿದ. ನಾವೂ ಅದೇ ದಿಕ್ಕಿನಲ್ಲಿ ಹೋದೆವು. ಅವನಿಗೆ ವಾರ ಹಿಡಿದದ್ದು ನಮಗೆ ಎರಡು ತಾಸು. ಆಪೊಮ್ಯಾಟಾಕ್ಸ್ ನಿಲ್ದಾಣದಲ್ಲಿ ಅವನಿಗಾಗಿ ಕಾದಿದ್ದ ಅನ್ನದ ರೈಲುಗಳನ್ನು ಏಪ್ರಿಲ್ 8ರಂದು ಉತ್ತರದ ಜನರಲ್ ಕಸ್ಟರ್‌ನ ಸವಾರರು ಹಿಡಿದರು.

ಮೆಕ್ಲೀನ್ ಮನೆಯಲ್ಲಿ, ಮಾರನೇ ದಿನ ಲೀ ಗ್ರಾಂಟ್‌ಗೆ ಶರಣಾದ ಕೋಣೆ ಇದೆ. ಮೂಲ ಮನೆಯನ್ನು 1893ರಲ್ಲಿ ಬಿಚ್ಚಿಹಾಕಿದ್ದರು, ಈಗಿನದು ಮತ್ತೆ ಕಟ್ಟಿದ್ದು. ಕೋಣೆಗಿಂತ ನನಗೆ ಬೇಕಿದ್ದದ್ದು ಅಂದಿನ ಬೆಳಗಿನ ಒಂದು ಮಾತುಕತೆ. ಅಲೆಕ್ಸಾಂಡರ್ ಲೀ ಬಳಿ ಬಂದು, ಶರಣಾಗುವುದು ಬೇಡ, ನಮ್ಮವರು ಬಂದೂಕು ಹಿಡಿದು ಕಾಡುಗಳಲ್ಲಿ ಚದುರಲಿ, ತಂತಮ್ಮ ರಾಜ್ಯಗಳಿಗೆ ಹೋಗಲಿ ಅಂದ. ಲೀ ಒಪ್ಪಲಿಲ್ಲ. ಹಾಗೆ ಹೋದವರು ಹೊಟ್ಟೆಪಾಡಿಗೆ ದರೋಡೆಗೆ ಇಳಿಯುತ್ತಾರೆ, ಶತ್ರುವಿನ ಕುದುರೆ ಪಡೆ ಬೆನ್ನು ಹತ್ತಿ ಇನ್ನೂ ಹೊಸ ಊರುಗಳನ್ನು ಹಾಳು ಮಾಡುತ್ತದೆ, ದೇಶ ಸುಧಾರಿಸಲು ವರ್ಷಗಳು ಬೇಕು ಎಂದ. ತಿರುಗಿ ಹೇಳಲು ತನಗೆ ಒಂದು ಮಾತೂ ಹೊಳೆಯಲಿಲ್ಲ ಎಂದು ಅಲೆಕ್ಸಾಂಡರ್ ಬರೆದುಕೊಂಡಿದ್ದಾನೆ. ಸುಮಾರು 28 ಸಾವಿರ ಜನರಿಗೆ ಬಿಡುಗಡೆ ಚೀಟಿ ಅಚ್ಚು ಹಾಕಿ ಕೊಟ್ಟರು. ಕುದುರೆ ಇದ್ದವರು ಉಳುಮೆಗೆ ಕುದುರೆಯನ್ನೂ ಒಯ್ದರು. ಅಲೆಕ್ಸಾಂಡರ್ ಕಾಲೇಜಿನಲ್ಲಿ ಗಣಿತ ಕಲಿಸಿದ, ಆಮೇಲೆ ರೈಲ್ವೆ ಕಂಪನಿಗಳನ್ನು ನಡೆಸಿದ.

ನಾನು ಲೀಯ ಈ ಒಂದು ನಿರ್ಧಾರವನ್ನು ಹೊಗಳುತ್ತಿದ್ದೆ. ಭಾವ ತಡೆದರು. "ಲೀ ಬೇಡ ಅಂದ, ಸರಿ. ಎಲ್ಲರೂ ಕೇಳಿದ್ರಾ? ಟೆನೆಸ್ಸಿಯಲ್ಲಿ ಕೂ ಕ್ಲಕ್ಸ್ ಕ್ಲಾನ್ ಕಟ್ಟಿದವರು ಯಾರು? ದಕ್ಷಿಣದ ಸೈನ್ಯದಿಂದಲೇ ಮನೆಗೆ ಹೋದ ಅಧಿಕಾರಿಗಳು ತಾನೇ? ರಾತ್ರಿ ಹೊತ್ತು ಮುಖ ಮುಚ್ಚಿಕೊಂಡು, ಕುದುರೆ ಹತ್ತಿ, ಆಗಷ್ಟೇ ಬಿಡುಗಡೆಯಾದ ಜನರ ಮನೆ ಮೇಲೆ ಬಿದ್ದರು. ಅದು ಚದುರಿ ಹೋರಾಡೋದಲ್ಲದೆ ಮತ್ತೇನು?" ಊರು ಬಿಟ್ಟು ಹೆದ್ದಾರಿ ಸೇರುವವರೆಗೂ ಇದೇ ವಾದ ನಡೆಯಿತು.